ಸ್ಥಾನಬಲ: ಇಮ್ಮಡಿ ಪೆರೋವ್‌ಸ್ಕೈಟುಗಳ ವಿದ್ಯುದ್ಗುಣಗಳು

ಸ್ಟ್ರಾನ್ಷಿಯಂ, ಕಬ್ಬಿಣ, ಮಾಲಿಬ್ಡಿನಂ, ಆಮ್ಲಜನಕ ಎಂಬ ನಾಲ್ಕು ಧಾತುಗಳನ್ನು ಒಂದೇ ಪ್ರಮಾಣದಲ್ಲಿ ಒಳಗೊಂಡ, ಕಣ್ಣಿಗೆ ಒಂದೇ ತೆರನಾಗಿ ಕಪ್ಪಗೆ ತೋರುವ ಎರಡು ಬಿಲ್ಲೆಗಳನ್ನು ರಸಾಯನಶಾಸ್ತ್ರಜ್ಞನ ಮುಂದಿಟ್ಟರೆ, ಅವನು ತನ್ನ ವಿಶ್ಲೇಷಣೆಯನ್ನೆಲ್ಲ ಮುಗಿಸಿ, ಇವೆರಡೂ ಒಂದೇ ವಸ್ತುವೆಂದು ನಿರ್ಣಯ ಕೊಡಬಹುದು. ಆದರೆ ಅವೇ ಬಿಲ್ಲೆಗಳನ್ನು ಭೌತವಿಜ್ಞಾನಿಯು ಕಾಂತಕ್ಷೇತ್ರದಲ್ಲಿರಿಸಿ ವಿದ್ಯುತ್ತನ್ನು ಹಾಯಿಸಿ ನೋಡಿದನಾದರೆ, ಒಂದರ ರೋಧವು ಅಲ್ಪವಾದ ಕಾಂತಬಲಕ್ಕೇ ಸರಕ್ಕನೆ ತಗ್ಗುವುದನ್ನೂ, ಇನ್ನೊಂದರಲ್ಲಿ ಅಂತಹ ಚುರುಕು ಕಾಣದಿರುವುದನ್ನೂ ಕಂಡು, ಇವು ಒಂದೇ ವಸ್ತುವಲ್ಲವೆಂದು ಹೇಳಿಯಾನು. ಇಬ್ಬರ ಮಾತೂ ದಿಟವೇ. ಧಾತುಗಳು ಯಾವುವು, ಎಷ್ಟೆಷ್ಟು ಎಂಬಷ್ಟರಲ್ಲಿ ಆ ಬಿಲ್ಲೆಗಳಿಗೆ ಭೇದವಿಲ್ಲ. ಯಾವ ಪರಮಾಣುವಿನ ಪಕ್ಕದಲ್ಲಿ ಯಾವುದು ಕುಳಿತಿದೆ ಎಂಬುದರಲ್ಲಿ ಮಾತ್ರ ಭೇದವುಂಟು. ನಮ್ಮ ಹಿರಿಯರು ಸ್ಥಾನಬಲವೆಂದು ಕರೆದುದು ಘನವಸ್ತುಗಳ ಲೋಕದಲ್ಲಿ ಎಷ್ಟರಮಟ್ಟಿಗೆ ಸತ್ಯವಾಗಬಲ್ಲದೆಂಬುದನ್ನು, ಇಮ್ಮಡಿ ಪೆರೋವ್‌ಸ್ಕೈಟುಗಳೆಂಬ ಆಕ್ಸೈಡುಗಳ ವರ್ಗದಷ್ಟು ನಿಚ್ಚಳವಾಗಿ ತೋರಿಸುವ ವಸ್ತುಗಳು ವಿರಳ.

ಈ ಕುಲದ ಮೂಲಪುರುಷನು ಒಂದು ಖನಿಜ. 1839ರಲ್ಲಿ ಜರ್ಮನಿಯ ಖನಿಜವಿಜ್ಞಾನಿ ಗುಸ್ತಾವ್ ರೋಸ್ ಎಂಬವರು ರಷ್ಯದ ಯೂರಲ್ ಪರ್ವತಗಳಿಂದ ಬಂದ ಒಂದು ಶಿಲೆಯಲ್ಲಿ ಕ್ಯಾಲ್ಸಿಯಂ, ಟೈಟೇನಿಯಂ ಮತ್ತು ಆಮ್ಲಜನಕಗಳ ಸಂಯುಕ್ತವೊಂದನ್ನು ಗುರುತಿಸಿ, ಖನಿಜಗಳಲ್ಲಿ ಆಸಕ್ತನಾಗಿದ್ದ ರಷ್ಯದ ಅಧಿಕಾರಿ ಲೆವ್ ಪೆರೋವ್‌ಸ್ಕಿಯ ಗೌರವಾರ್ಥವಾಗಿ ಅದಕ್ಕೆ ಪೆರೋವ್‌ಸ್ಕೈಟ್ ಎಂದು ಹೆಸರಿಟ್ಟರು. ಅಂದು ಅಷ್ಟೇನೂ ಗಣನೆಗೆ ಬಾರದಿದ್ದ ಆ ಖನಿಜದ ಅಂತರ್ವಿನ್ಯಾಸವು, ಕ್ಷ-ಕಿರಣಗಳ ನೆರವಿನಿಂದ ಸ್ಫಟಿಕಗಳ ಒಳಗನ್ನು ಕಾಣುವ ವಿದ್ಯೆ ಬೆಳೆದ ಮೇಲೆ, ನೂರಾರು ಬೇರೆ ಸಂಯುಕ್ತಗಳಲ್ಲಿಯೂ ಕಾಣಬಂದಿತು. ಭೂಗರ್ಭದ ಕೆಳಕವಚದಲ್ಲಿ ಅಪಾರ ರಾಶಿಯಾಗಿರುವ, ನಮ್ಮ ಭೂಮಿಯಲ್ಲಿಯೇ ಅತ್ಯಂತ ಹೇರಳವೆಂದು ಎಣಿಸಲಾದ ಮೆಗ್ನೀಷಿಯಂ ಸಿಲಿಕೇಟಿನ ವಿನ್ಯಾಸವೂ ಅದೇ ಎಂಬುದು ಆಮೇಲೆ ತಿಳಿದುಬಂದಿತು.

ಆ ವಿನ್ಯಾಸವನ್ನು ಮನಸ್ಸಿನಲ್ಲಿ ರೂಪಿಸಿಕೊಳ್ಳುವುದು ಕಷ್ಟವಲ್ಲ. ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿಯೂ ಕಿರಿದಾದ ಲೋಹದ ಅಯಾನುಗಳು ನಿಂತಿವೆ. ಅಕ್ಕಪಕ್ಕದ ಎರಡು ಮೂಲೆಗಳ ನಡುವಣ ಅಂಚಿನ ಮಧ್ಯದಲ್ಲಿ ಒಂದೊಂದು ಆಮ್ಲಜನಕವು ಕುಳಿತು ಅವೆರಡನ್ನೂ ಬೆಸೆದಿದೆ. ನಡುವೆ ಉಳಿದ ವಿಶಾಲವಾದ ಅವಕಾಶದಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಲ್ಯಾಂಥನಂ ಮೊದಲಾದ ದೊಡ್ಡ ಗಾತ್ರದ ಅಯಾನೊಂದು ನೆಲೆಸಿದೆ. ಹೀಗೆ ದೊಡ್ಡ ಲೋಹದ ಸುತ್ತ ಹನ್ನೆರಡು, ಚಿಕ್ಕ ಲೋಹದ ಸುತ್ತ ಆರು ಆಮ್ಲಜನಕಗಳಿರುತ್ತವೆ. ಚಿಕ್ಕ ಲೋಹವನ್ನು ಬಳಸಿ ನಿಂತ ಆರು ಆಮ್ಲಜನಕಗಳು ಎಂಟು ಮುಖಗಳ ಒಂದು ಆಕೃತಿಯನ್ನು ರಚಿಸುವುದರಿಂದ ಅದನ್ನು ಅಷ್ಟಫಲಕವೆಂದು ಕರೆಯುವರು. ಇಡೀ ಸ್ಫಟಿಕವು ಇಂತಹ ಅಷ್ಟಫಲಕಗಳು ತುದಿಗೆ ತುದಿ ತಾಗಿ ಹಬ್ಬಿದ ಒಂದು ಜಾಲ. ದೊಡ್ಡದು ಎಷ್ಟು ದೊಡ್ಡದಿರಬೇಕು, ಚಿಕ್ಕದು ಎಷ್ಟು ಚಿಕ್ಕದಿರಬೇಕು, ಯಾವ ಪ್ರಮಾಣ ಮೀರಿದರೆ ಈ ಕಟ್ಟಡ ನಿಲ್ಲಲಾರದು ಎಂಬ ಲೆಕ್ಕವನ್ನು 1926ರಲ್ಲಿ ವಿಕ್ಟರ್ ಗೋಲ್ಡ್‌ಶ್ಮಿಟ್ ಎಂಬ ಭೂರಸಾಯನಶಾಸ್ತ್ರಜ್ಞರು ಅಯಾನುಗಳ ತ್ರಿಜ್ಯಗಳಿಂದಲೇ ಕಟ್ಟಿಕೊಟ್ಟರು. ಆ ಲೆಕ್ಕದಿಂದ ದೊರೆಯುವ, ಆದರ್ಶ ಜೋಡಣೆಯಲ್ಲಿ ಒಂದಕ್ಕೆ ಸಮನಾಗುವ ಸಂಖ್ಯೆಯು ತುಸು ತಗ್ಗಿದರೂ ಜಾಲವು ಮುರಿಯುವುದಿಲ್ಲ. ಅಷ್ಟಫಲಕಗಳು ಓಲಿ, ಬಾಗಿ, ತಿರುಚಿಕೊಂಡು ಹೊಂದಿಕೊಳ್ಳುತ್ತವೆ. ಆವರ್ತಕೋಷ್ಟಕದ ಲೋಹಗಳಲ್ಲಿ ಬಹುಪಾಲು ಈ ಜಾಲದಲ್ಲಿ ಎಲ್ಲಿಯಾದರೊಂದು ಕಡೆ ಠಾವು ಪಡೆಯಬಲ್ಲುವಾಗಿರುವುದು ಈ ಸಹಿಷ್ಣುತೆಯ ಫಲ.

ಇನ್ನು ಇಮ್ಮಡಿಯಾಗುವ ಬಗೆ. ಚಿಕ್ಕ ಲೋಹದ ಸ್ಥಾನಗಳಿಗೆ ಒಂದೇ ಧಾತುವಿಗೆ ಬದಲಾಗಿ ಎರಡು ಧಾತುಗಳನ್ನು ಸಮಸಮನಾಗಿ ಹಂಚಿದೆವೆನ್ನೋಣ. ಅವು ಮನಸ್ಸಿಗೆ ಬಂದಂತೆ ಚೆದರಿ ಕುಳಿತರೆ ಅದು ಬರಿಯ ಮಿಶ್ರಣ. ಆದರೆ ಚದುರಂಗದ ಮಣೆಯ ಕಪ್ಪುಬಿಳಿ ಮನೆಗಳು ಉದ್ದಗಲಗಳಲ್ಲಿ ಒಂದನ್ನೊಂದು ಬಿಟ್ಟು ಬರುವಂತೆ, ಇಲ್ಲಿ ಎತ್ತರದಲ್ಲಿಯೂ ಸೇರಿ ಮೂರು ದಿಕ್ಕುಗಳಲ್ಲಿಯೂ ಒಂದು ಬಿಟ್ಟು ಒಂದು ಬರುವ ಹಾಗೆ ಅವು ನೆಲೆಸಿದರೆ, ಪ್ರತಿಯೊಂದು ಕಬ್ಬಿಣಕ್ಕೂ ಆರು ಕಡೆಗಳಲ್ಲಿ ಮಾಲಿಬ್ಡಿನವೇ ನೆರೆಯಾಗಿ, ಪ್ರತಿಯೊಂದು ಮಾಲಿಬ್ಡಿನಕ್ಕೂ ಆರು ಕಡೆಗಳಲ್ಲಿ ಕಬ್ಬಿಣವೇ ನೆರೆಯಾಗಿ, ವಿನ್ಯಾಸವು ಪುನರಾವೃತ್ತವಾಗುವ ಅಂತರವು ಇಮ್ಮಡಿಸುತ್ತದೆ. ಸಾಮಾನ್ಯ ಪೆರೋವ್‌ಸ್ಕೈಟಿನ ಘನದ ಅಂಚು ಸುಮಾರು 4 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಕ್ರಮಬದ್ಧವಾದ ಇಮ್ಮಡಿ ಪೆರೋವ್‌ಸ್ಕೈಟಿನದು ಸುಮಾರು 8. ಎರಡು ಲೋಹಗಳು ಹೀಗೆ ಶಿಸ್ತಿನಿಂದ ನಿಲ್ಲಬೇಕಾದರೆ ಅವುಗಳ ವಿದ್ಯುದಾವೇಶಗಳಲ್ಲಿಯೋ ಗಾತ್ರಗಳಲ್ಲಿಯೋ ಸಾಕಷ್ಟು ವ್ಯತ್ಯಾಸವಿರತಕ್ಕದ್ದು. ಆವೇಶಗಳ ಅಂತರವು ಎರಡನ್ನು ಮೀರಿದರೆ ಕ್ರಮವು ಬಹುಮಟ್ಟಿಗೆ ನಿಶ್ಚಿತ, ಏಕೆಂದರೆ ಅಧಿಕ ಧನಾವೇಶವುಳ್ಳ ಅಯಾನುಗಳು ಪರಸ್ಪರ ದೂರ ನಿಲ್ಲಬಯಸುತ್ತವೆ; ಅಂತರವು ಎರಡೇ ಆದಾಗ ಕ್ರಮವೂ ಅಕ್ರಮವೂ ತಯಾರಿಕೆಯ ಬೆಂಕಿ, ಕಾಲ, ವಾಯುಗಳನ್ನು ಅವಲಂಬಿಸಿ ತಕ್ಕಡಿಯಲ್ಲಿ ತೂಗಾಡುತ್ತವೆ; ಅದಕ್ಕೂ ಕಡಮೆಯಾದರೆ ಸಾಮಾನ್ಯವಾಗಿ ಅಕ್ರಮವೇ ಗೆಲ್ಲುತ್ತದೆ.

ವಿದ್ಯುತ್ತಿನ ಮಾತಿಗೆ ಬರುವ ಮುನ್ನ, ಕೆಲವು ವಸ್ತುಗಳು ವಿದ್ಯುತ್ತನ್ನು ಹರಿಯಗೊಡುವುದೇಕೆ, ಕೆಲವು ತಡೆಯುವುದೇಕೆ ಎಂಬುದನ್ನು ಸಂಕ್ಷೇಪವಾಗಿ ನೆನೆಯಬೇಕು. ಸ್ಫಟಿಕದಲ್ಲಿ ಎಲೆಕ್ಟ್ರಾನುಗಳಿಗೆ ಮನಬಂದ ಶಕ್ತಿ ಇರಲು ಬಾರದು. ಅನುಮತಿಯುಳ್ಳ ಶಕ್ತಿಗಳು ಪಟ್ಟಿಗಳಾಗಿಯೂ, ಅವುಗಳ ನಡುವೆ ನಿಷಿದ್ಧವಾದ ಅಂತರಗಳಾಗಿಯೂ ಇರುತ್ತವೆ. ಅರ್ಧ ತುಂಬಿದ ಪಟ್ಟಿಯಿದ್ದರೆ ಎಲೆಕ್ಟ್ರಾನುಗಳಿಗೆ ಚಲಿಸಲು ಎಡೆಯುಂಟು, ವಸ್ತುವು ಲೋಹದಂತೆ ವಾಹಕ. ಪಟ್ಟಿಯು ಪೂರ್ತಿ ತುಂಬಿ, ಮುಂದಿನ ಬರಿದಾದ ಪಟ್ಟಿಗೆ ದೊಡ್ಡ ಅಂತರವಿದ್ದರೆ ವಸ್ತುವು ಅವಾಹಕ. ಅಂತರವು ಚಿಕ್ಕದಾಗಿ, ಉಷ್ಣವೋ ಬೆಳಕೋ ಕೆಲವು ಎಲೆಕ್ಟ್ರಾನುಗಳನ್ನು ಮೇಲಕ್ಕೆತ್ತಬಲ್ಲುದಾದರೆ ಅದು ಅರೆವಾಹಕ. ಸಿಲಿಕಾನಿನ ಅಂತರ 1.1 ಎಲೆಕ್ಟ್ರಾನ್ ವೋಲ್ಟ್. ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಸರಳ ಪೆರೋವ್‌ಸ್ಕೈಟಿನದು ಸುಮಾರು 3.2, ಕಣ್ಣಿಗೆ ಕಾಣುವ ಬೆಳಕಿನ ಶಕ್ತಿಯು ಸುಮಾರು 1.6ರಿಂದ 3.1ರವರೆಗೆ ಮಾತ್ರ ಇರುವುದರಿಂದ ಶುದ್ಧವಾದ ಆ ಸ್ಫಟಿಕವು ಬೆಳಕನ್ನು ಹೀರದೆ ಗಾಜಿನಂತೆ ತಿಳಿಯಾಗಿರುತ್ತದೆ.

ಆದರೆ ಲೋಹದ ಆಕ್ಸೈಡುಗಳು ಈ ಅಚ್ಚುಕಟ್ಟಾದ ಸಿದ್ಧಾಂತಕ್ಕೆ ಪೂರ್ತಿ ಬಗ್ಗಲಿಲ್ಲ. ಪಟ್ಟಿಗಳ ಲೆಕ್ಕದಂತೆ ವಾಹಕವಾಗಿರಬೇಕಾಗಿದ್ದ ನಿಕ್ಕಲ್ ಆಕ್ಸೈಡು ವಾಸ್ತವವಾಗಿ ಒಳ್ಳೆಯ ಅವಾಹಕವೆಂಬ ತೊಡಕನ್ನು 1937ರಲ್ಲಿ ಹಾಲೆಂಡಿನ ಡಿ ಬೋರ್ ಮತ್ತು ವರ್ವೇ ಎಂಬಿಬ್ಬರು ವಿದ್ವಾಂಸರ ಗಮನಕ್ಕೆ ತಂದರು. ಇದಕ್ಕೆ ಪರಿಹಾರವನ್ನು ಮುಂದಕ್ಕೆ ವಿಸ್ತರಿಸಿ ಹೇಳಿದವರು ಇಂಗ್ಲೆಂಡಿನ ನೆವಿಲ್ ಮಾಟ್. ಕಬ್ಬಿಣ, ನಿಕ್ಕಲ್, ಮ್ಯಾಂಗನೀಸ್ ಮುಂತಾದ ಸಂಕ್ರಮಣ ಲೋಹಗಳ ಹೊರ ಎಲೆಕ್ಟ್ರಾನುಗಳು ತಂತಮ್ಮ ಪರಮಾಣುವಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಒಂದು ಎಲೆಕ್ಟ್ರಾನು ನೆರೆಯ ಪರಮಾಣುವಿಗೆ ನೆಗೆಯಹೋದರೆ, ಅಲ್ಲಿ ಮೊದಲೇ ಇರುವ ಎಲೆಕ್ಟ್ರಾನು ಅದನ್ನು ವಿಕರ್ಷಿಸುತ್ತದೆ. ನೆಗೆತದಿಂದ ದೊರೆಯುವ ಲಾಭಕ್ಕಿಂತ ಈ ವಿಕರ್ಷಣೆಯ ನಷ್ಟವು ಅಧಿಕವಾದಲ್ಲಿ, ಪಟ್ಟಿಯಲ್ಲಿ ಎಡೆಯಿದ್ದರೂ ಸಂಚಾರವಿಲ್ಲ. ಆದುದರಿಂದ ಇಂತಹ ಆಕ್ಸೈಡಿನಲ್ಲಿ ವಿದ್ಯುತ್ತು ಹರಿಯುವುದೋ ನಿಲ್ಲುವುದೋ ಎಂಬುದು ನೆರೆಯಲ್ಲಿರುವ ಪರಮಾಣು ಯಾವುದು, ಅದರ ಎಲೆಕ್ಟ್ರಾನುಗಳ ಸ್ಥಿತಿ ಏನು, ನಡುವಣ ಆಮ್ಲಜನಕದ ಸೇತುವೆ ನೇರವಾಗಿದೆಯೋ ಬಾಗಿದೆಯೋ ಎಂಬ ಮೂರು ಸಂಗತಿಗಳನ್ನು ಹೊಂದಿಕೊಂಡಿರುತ್ತದೆ. ಸರಳ ಪೆರೋವ್‌ಸ್ಕೈಟಿನಲ್ಲಿ ನೆರೆಯವನು ತನ್ನಂತಹವನೇ. ಇಮ್ಮಡಿ ಪೆರೋವ್‌ಸ್ಕೈಟಿನಲ್ಲಿ ನೆರೆಯವನನ್ನು ನಾವು ಆರಿಸಿ ಕೂರಿಸಬಹುದು. ಇದರ ವೈಶಿಷ್ಟ್ಯವೆಲ್ಲವೂ ಈ ಆಯ್ಕೆಯ ಸ್ವಾತಂತ್ರ್ಯದಲ್ಲಿದೆ.

ಈ ಸ್ವಾತಂತ್ರ್ಯವು ಲೋಕದ ಕಣ್ಣು ಸೆಳೆದುದು 1998ರಲ್ಲಿ. ಜಪಾನಿನ ಕೊಬಯಾಶಿ, ತೊಕುರ ಮತ್ತು ಅವರ ಸಂಗಡಿಗರು ಮೊದಲಲ್ಲಿ ಹೇಳಿದ ಸ್ಟ್ರಾನ್ಷಿಯಂ-ಕಬ್ಬಿಣ-ಮಾಲಿಬ್ಡಿನಂ ಆಕ್ಸೈಡಿನ ಬಿಲ್ಲೆಯ ರೋಧವು, ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೇ, ಕಾಂತಕ್ಷೇತ್ರಕ್ಕೆ ಸ್ಪಷ್ಟವಾಗಿ ತಗ್ಗುವುದೆಂದು ಆ ವರ್ಷ ಪ್ರಕಟಿಸಿದರು. ವಸ್ತುವೇನೂ ಹೊಸತಲ್ಲ, 1960ರ ದಶಕದಲ್ಲಿಯೇ ತಯಾರಾಗಿದ್ದುದು. ಅದರೊಳಗೆ ಅಡಗಿದ್ದ ಎಲೆಕ್ಟ್ರಾನುಗಳ ವ್ಯವಸ್ಥೆಯು ಮಾತ್ರ ಅಲ್ಲಿಯವರೆಗೆ ಬೆಳಕಿಗೆ ಬಂದಿರಲಿಲ್ಲ. ಪ್ರತಿಯೊಂದು ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಒಂದು ಅಂತರ್ಗತವಾದ ಕಾಂತಗುಣವುಂಟು. ಅದು ಮೇಲ್ಮುಖವಾಗಿರಬಹುದು ಇಲ್ಲವೆ ಕೆಳಮುಖವಾಗಿರಬಹುದು. ಈ ಆಕ್ಸೈಡಿನ ಕಬ್ಬಿಣದಲ್ಲಿ ಐದು ಎಲೆಕ್ಟ್ರಾನುಗಳು ಒಮ್ಮುಖವಾಗಿ ಮೇಲ್ದಿಕ್ಕಿಗೆ ನಿಂತಿವೆ. ಮೇಲ್ಮುಖದ ಆಸನಗಳು ಕಬ್ಬಿಣದಲ್ಲಿ ಐದೇ ಆದ್ದರಿಂದ ಇನ್ನೊಂದು ಮೇಲ್ಮುಖದ ಎಲೆಕ್ಟ್ರಾನಿಗೆ ಅಲ್ಲಿ ಪ್ರವೇಶವಿಲ್ಲ. ಮಾಲಿಬ್ಡಿನದಲ್ಲಿ ಉಳಿದಿರುವುದು ಒಂದೇ ಎಲೆಕ್ಟ್ರಾನು. ಅದು ಕೆಳಮುಖವಾಗಿದ್ದರೆ ಮಾತ್ರ ಕಬ್ಬಿಣದೊಳಕ್ಕೂ, ಅಲ್ಲಿಂದ ಮುಂದಿನ ಮಾಲಿಬ್ಡಿನಕ್ಕೂ ಅಲೆದಾಡಬಲ್ಲದು. ಹೀಗಾಗಿ ವಸ್ತುವಿನಲ್ಲಿ ಹರಿಯುವ ವಿದ್ಯುತ್ತೆಲ್ಲವೂ ಒಂದೇ ಮುಖದ ಸ್ಪಿನ್ನುಳ್ಳದ್ದು. ಕೆಳಮುಖದ ಎಲೆಕ್ಟ್ರಾನುಗಳ ಪಾಲಿಗೆ ಅದು ಲೋಹ, ಮೇಲ್ಮುಖದವುಗಳ ಪಾಲಿಗೆ ಅವಾಹಕ. ಅದಕ್ಕಾಗಿಯೇ ಇದನ್ನು ಅರ್ಧಲೋಹವೆಂದರು.

ಅರ್ಧಲೋಹದ ಕಣಗಳನ್ನು ಒತ್ತಿ ಸುಟ್ಟು ಮಾಡಿದ ಬಿಲ್ಲೆಯಲ್ಲಿ, ಕಣಕಣಗಳ ನಡುವೆ ತೆಳುವಾದ ಅವಾಹಕದ ಪೊರೆಯಿರುತ್ತದೆ. ಎಲೆಕ್ಟ್ರಾನು ಆ ಪೊರೆಯನ್ನು ಕ್ವಾಂಟಂ ನಿಯಮದಂತೆ ಸುರಂಗದ ಮೂಲಕವೆಂಬಂತೆ ದಾಟಬೇಕು. ಎರಡು ಕಣಗಳ ಕಾಂತದಿಕ್ಕುಗಳು ಬೇರೆಬೇರೆಯಾಗಿದ್ದರೆ, ಒಂದರಿಂದ ಹೊರಟ ಎಲೆಕ್ಟ್ರಾನಿಗೆ ಮತ್ತೊಂದರಲ್ಲಿ ತಕ್ಕ ಎಡೆ ದೊರೆಯದೆ ರೋಧವು ಹೆಚ್ಚುತ್ತದೆ. ಹೊರಗಿನ ಕಾಂತವು ಎಲ್ಲ ಕಣಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿದೊಡನೆ ದಾರಿ ತೆರೆದು ರೋಧವು ತಗ್ಗುತ್ತದೆ. ಇಂತಹ ಗುಣವು ಇತರ ಆಕ್ಸೈಡುಗಳಲ್ಲಿಯೂ ಉಂಟಾದರೂ, ಹೆಸರಾಂತ ಮ್ಯಾಂಗನೀಸ್ ಪೆರೋವ್‌ಸ್ಕೈಟುಗಳಲ್ಲಿ ಬಹುಪಾಲಿಗೆ ಕಾಂತತ್ವವು ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿಯೋ ಅದಕ್ಕೂ ಕೆಳಗೋ ಕುಂದಿಹೋಗುತ್ತದೆ. ಈ ಇಮ್ಮಡಿ ಆಕ್ಸೈಡಿನಲ್ಲಾದರೋ ಅದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಉಳಿಯುತ್ತದೆ.

ಮಾಲಿಬ್ಡಿನವು ಸ್ವಭಾವತಃ ಕಾಂತಧಾತುವಲ್ಲ. ಕಬ್ಬಿಣಕಬ್ಬಿಣಗಳ ನಡುವೆ ಇಂತಹ ನಿಃಸತ್ತ್ವವಾದ ಮಧ್ಯಸ್ಥನನ್ನು ಇರಿಸಿಯೂ ಇಷ್ಟು ಬಲವಾದ ಕಾಂತತ್ವವು ನಿಂತುದು ಹೇಗೆ? ಈ ಪ್ರಶ್ನೆಗೆ 2000ದಲ್ಲಿ ಸಮರ್ಪಕವಾದ ಉತ್ತರವನ್ನಿತ್ತವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ಡಿ. ಶರ್ಮ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. ಮಾಲಿಬ್ಡಿನದ ಅಲೆಮಾರಿ ಎಲೆಕ್ಟ್ರಾನಿನ ಶಕ್ತಿಯ ಮಟ್ಟವು ಕಬ್ಬಿಣದ ಮೇಲ್ಮುಖ ಮತ್ತು ಕೆಳಮುಖ ಮಟ್ಟಗಳ ನಡುವೆ ಬೀಳುತ್ತದೆ. ಕಬ್ಬಿಣದೊಡನೆ ಬೆರೆತೊಡನೆ ಅದರ ಒಂದು ಮುಖವು ಮೇಲಕ್ಕೆ, ಇನ್ನೊಂದು ಮುಖವು ಕೆಳಕ್ಕೆ ತಳ್ಳಲ್ಪಟ್ಟು, ತನ್ನದೆಂಬ ಕಾಂತಗುಣವಿಲ್ಲದ ಎಲೆಕ್ಟ್ರಾನಿಗೂ ನೆರೆಯವನ ಸಹವಾಸದಿಂದ ಪ್ರಬಲವಾದ ಕಾಂತಗುಣವು ಬರುತ್ತದೆ ಎಂಬುದು ಅವರ ವಿವರಣೆಯ ಸಾರ. ಅದೇ ವರ್ಷ ಅದೇ ಗುಂಪು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಸಹಯೋಗದಲ್ಲಿ, ಕಬ್ಬಿಣ ಮಾಲಿಬ್ಡಿನಗಳು ಕ್ರಮವಾಗಿ ಕುಳಿತ ಒಂದು ಮಾದರಿಯನ್ನೂ, ಸ್ಥಾನಪಲ್ಲಟಗೊಂಡು ಕಲಸಿಹೋದ ಮತ್ತೊಂದು ಮಾದರಿಯನ್ನೂ ತಯಾರಿಸಿ ಹೋಲಿಸಿತು. ಅಲ್ಪ ಕಾಂತಬಲಕ್ಕೆ ರೋಧವು ಸರಕ್ಕನೆ ತಗ್ಗುವ ಗುಣವು ಕ್ರಮಬದ್ಧವಾದುದರಲ್ಲಿ ಮಾತ್ರ ಕಂಡುಬಂದಿತು. ಕಬ್ಬಿಣದ ಪಕ್ಕಕ್ಕೆ ಕಬ್ಬಿಣವೇ ಬಂದು ಕುಳಿತಾಗ ಅವೆರಡರ ಕಾಂತಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದೇ ಸ್ಪಿನ್ನಿನ ಸಂಚಾರವೆಂಬ ಶಿಸ್ತು ಅಲ್ಲಿ ಮುರಿಯುತ್ತದೆ. ಸರಿಯಾದ ಧಾತುವು ತಪ್ಪು ಸ್ಥಾನದಲ್ಲಿ ಕುಳಿತರೆ, ಇಲ್ಲಿ ಅದು ಅಶುದ್ಧವಸ್ತುವಿಗೆ ಸಮಾನವೇ ಸರಿ.

ನೆರೆಯವರನ್ನು ಬದಲಿಸದೆ, ನಡುವಣ ಸೇತುವೆಯನ್ನು ಮಾತ್ರ ಬಾಗಿಸಿದರೂ ಫಲವು ಬದಲಾಗುತ್ತದೆ. ಮಾಲಿಬ್ಡಿನದ ಜಾಗದಲ್ಲಿ ರೀನಿಯಂ ಧಾತುವನ್ನಿಟ್ಟ ಸ್ಟ್ರಾನ್ಷಿಯಂ ಆಕ್ಸೈಡು ಲೋಹದಂತೆ ವರ್ತಿಸುವುದಷ್ಟೆ. ಸ್ಟ್ರಾನ್ಷಿಯಂ ತೆಗೆದು ಅದೇ ಆವೇಶದ, ಆದರೆ ಕಿರಿದಾದ ಕ್ಯಾಲ್ಸಿಯಮನ್ನು ತುಂಬಿದರೆ, ವಿಶಾಲವಾದ ಅವಕಾಶವನ್ನು ಅದು ತುಂಬಲಾರದೆ ಸುತ್ತಲಿನ ಅಷ್ಟಫಲಕಗಳು ಓಲುತ್ತವೆ. ಕಬ್ಬಿಣದಿಂದ ಆಮ್ಲಜನಕದ ಮೂಲಕ ರೀನಿಯಮ್ಮಿಗೆ ಹೋಗುವ ನೇರವಾದ ದಾರಿಯು ಬಾಗಿ, ಎಲೆಕ್ಟ್ರಾನಿನ ನೆಗೆತವು ಕಷ್ಟವಾಗಿ, ತಣಿಸಿದಾಗ ಆ ವಸ್ತುವು ಅವಾಹಕವಾಗುತ್ತದೆ. ವಿದ್ಯುತ್ತಿನಲ್ಲಿ ನೇರವಾಗಿ ಭಾಗವಹಿಸದ, ದೂರದಲ್ಲಿ ಉದಾಸೀನವಾಗಿ ನಿಂತಂತೆ ತೋರುವ ಅಯಾನೊಂದರ ಗಾತ್ರವು ಇಡೀ ಸಂಚಾರದ ಗತಿಯನ್ನು ನಿರ್ಧರಿಸಿದ ಸಂದರ್ಭವಿದು.

ಅರೆವಾಹಕವೂ ಆಗಿರಬೇಕು, ಕಬ್ಬಿಣದ ಹಾಗೆ ಕಾಂತವೂ ಆಗಿರಬೇಕು ಎಂಬ ಬಯಕೆಯು ಪ್ರಕೃತಿಗೆ ಅಷ್ಟಾಗಿ ಒಗ್ಗಿದುದಲ್ಲ. ಬಲವಾದ ಕಾಂತಗಳು ಸಾಮಾನ್ಯವಾಗಿ ಲೋಹಗಳು, ಅವಾಹಕ ಆಕ್ಸೈಡುಗಳಲ್ಲಿ ನೆರೆಹೊರೆಯ ಕಾಂತಗಳು ಪರಸ್ಪರ ವಿರುದ್ಧವಾಗಿ ನಿಂತು ಒಂದನ್ನೊಂದು ಅಳಿಸಿಹಾಕುವುದೇ ರೂಢಿ. ಈ ರೂಢಿಯನ್ನು ಮೀರಲು ಒಂದು ಉಪಾಯವನ್ನು ಗುಡಿನಫ್ ಮತ್ತು ಕನಮೊರಿ ಎಂಬ ವಿದ್ವಾಂಸರ ಹೆಸರಿನಿಂದ ಪ್ರಸಿದ್ಧವಾದ ನಿಯಮಗಳು ಸೂಚಿಸುತ್ತವೆ: ಒಂದು ಲೋಹದ ಅರ್ಧ ತುಂಬಿದ ಕಕ್ಷೆಯು ಆಮ್ಲಜನಕದ ಆಚೆಗಿರುವ ಇನ್ನೊಂದು ಲೋಹದ ಬರಿದಾದ ಕಕ್ಷೆಗೆ ಎದುರಾದರೆ, ಎರಡರ ಕಾಂತಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಒಂದೇ ಧಾತುವುಳ್ಳ ಜಾಲದಲ್ಲಿ ಇಂತಹ ಜೋಡಿಯನ್ನು ಒದಗಿಸುವುದು ದುಸ್ತರ, ಇಮ್ಮಡಿಯಲ್ಲಿ ಸುಲಭ. ಲ್ಯಾಂಥನಂ-ನಿಕ್ಕಲ್-ಮ್ಯಾಂಗನೀಸ್ ಆಕ್ಸೈಡಿನಲ್ಲಿ ನಿಕ್ಕಲ್ಲಿನ ಅರ್ಧ ತುಂಬಿದ ಕಕ್ಷೆಗಳಿಗೆ ಮ್ಯಾಂಗನೀಸಿನ ಬರಿಯ ಕಕ್ಷೆಗಳು ಎದುರಾಗುವುದರಿಂದ, ಅದು ಅರೆವಾಹಕವಾಗಿದ್ದುಕೊಂಡೇ ಸುಮಾರು 280 ಕೆಲ್ವಿನ್, ಎಂದರೆ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ, ಫೆರೋಕಾಂತವಾಗಿಯೂ ಉಳಿಯುತ್ತದೆ. ಕಾಂತಕ್ಷೇತ್ರವನ್ನು ಹಚ್ಚಿದಾಗ ಅದರ ರೋಧವೂ, ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯವೂ ಎರಡೂ ಬದಲಾಗುವುವೆಂದು 2005ರಲ್ಲಿ ಎಂ. ಎ. ಸುಬ್ರಹ್ಮಣಿಯನ್ ಮೊದಲಾದವರು ಪ್ರಕಟಿಸಿದ ಮೇಲೆ ಈ ವಸ್ತುವಿನ ಅಧ್ಯಯನವು ಬಹಳವಾಗಿ ಬೆಳೆಯಿತು. ಇದರಲ್ಲಿ ಎಲೆಕ್ಟ್ರಾನು ಲೋಹದಲ್ಲಿಯಂತೆ ತಡೆಯಿಲ್ಲದೆ ಹರಿಯುವುದಿಲ್ಲ. ತಾನು ನಿಂತ ಕಡೆ ಸುತ್ತಲಿನ ಅಯಾನುಗಳನ್ನು ತುಸು ಕದಲಿಸಿ, ಆ ಕುಳಿಯಲ್ಲಿ ಸಿಲುಕಿ, ಉಷ್ಣದ ನೂಕಿನಿಂದ ಮುಂದಿನ ಸ್ಥಾನಕ್ಕೆ ನೆಗೆಯುತ್ತ ಸಾಗುತ್ತದೆ. ಕಾಯಿಸಿದಷ್ಟೂ ರೋಧವು ತಗ್ಗುವುದು ಇದರಿಂದ.

ಇಮ್ಮಡಿಯಾಗಲು ಎರಡು ಧಾತುಗಳೇ ಬೇಕೆಂಬುದಿಲ್ಲವೆಂದು ತೋರಿಸುವ ಒಂದು ವಿಚಿತ್ರವಾದ ಉದಾಹರಣೆಯೂ ಉಂಟು. ಬೇರಿಯಂ ಬಿಸ್ಮತೇಟಿನಲ್ಲಿ ಚಿಕ್ಕ ಸ್ಥಾನಗಳೆಲ್ಲವನ್ನೂ ಬಿಸ್ಮತ್ ಒಂದೇ ಆಕ್ರಮಿಸಿದೆ. ಆವೇಶಗಳ ಲೆಕ್ಕದಂತೆ ಪ್ರತಿಯೊಂದು ಬಿಸ್ಮತ್ತೂ ನಾಲ್ಕರ ಸ್ಥಿತಿಯಲ್ಲಿರಬೇಕು, ಪಟ್ಟಿಯು ಅರ್ಧ ತುಂಬಿ ವಸ್ತುವು ಲೋಹವಾಗಬೇಕು. ಬಿಸ್ಮತ್ತಿಗಾದರೋ ನಾಲ್ಕು ಒಗ್ಗದ ಸಂಖ್ಯೆ, ಮೂರು ಮತ್ತು ಐದು ಒಗ್ಗಿದವು. ಆದಕಾರಣ ಒಂದು ಬಿಟ್ಟು ಒಂದು ಬಿಸ್ಮತ್ತು ಮೂರರ ಕಡೆಗೂ ಐದರ ಕಡೆಗೂ ವಾಲಿ, ಅವುಗಳ ಸುತ್ತಲಿನ ಅಷ್ಟಫಲಕಗಳು ಒಂದು ಹಿಗ್ಗಿ ಒಂದು ಕುಗ್ಗಿ, ಧಾತು ಒಂದೇ ಆದರೂ ವಿನ್ಯಾಸವು ತಾನಾಗಿಯೇ ಇಮ್ಮಡಿಯಾಗುತ್ತದೆ, ವಸ್ತುವು ಅರೆವಾಹಕವಾಗಿ ಪರಿಣಮಿಸುತ್ತದೆ. ಈ ಕ್ರಮವನ್ನು ಬೇಕೆಂದೇ ಕೆಡಿಸಿದರೆ ಇನ್ನೂ ದೊಡ್ಡ ಅಚ್ಚರಿ: ಬಿಸ್ಮತ್ತಿನ ಬಹುಪಾಲನ್ನು ಸೀಸದಿಂದ ಬದಲಿಸಿದಾಗ ಸುಮಾರು 13 ಕೆಲ್ವಿನ್ ಉಷ್ಣತೆಯಲ್ಲಿ ಅದು ರೋಧವನ್ನೇ ತೊರೆದು ಅತಿವಾಹಕವಾಗುವುದೆಂದು 1975ರಲ್ಲಿ ಆರ್ಥರ್ ಸ್ಲೈಟ್ ಮತ್ತು ಸಂಗಡಿಗರು ಕಂಡರು, ಬೇರಿಯಮ್ಮಿನ ಒಂದು ಪಾಲನ್ನು ಪೊಟ್ಯಾಸಿಯಮ್ಮಿನಿಂದ ಬದಲಿಸಿದಾಗ ಈ ಮಿತಿಯು 30 ಕೆಲ್ವಿನ್ ಸಮೀಪಕ್ಕೆ ಏರುವುದೆಂಬುದು 1988ರಲ್ಲಿ ತಿಳಿಯಿತು. ಕ್ರಮವು ಸದಾ ಶ್ರೇಷ್ಠ, ಅಕ್ರಮವು ಸದಾ ದೋಷ ಎಂದು ಸಾಧಾರಣೀಕರಿಸಲು ಹೊರಟವರನ್ನು ಈ ವಸ್ತುವು ತಡೆದು ನಿಲ್ಲಿಸುತ್ತದೆ.

ಅವಾಹಕಗಳಲ್ಲಿಯೂ ಸ್ಥಾನಬಲದ ಆಟವು ಕಡಮೆಯಿಲ್ಲ. ಬೇರಿಯಂ ಟೈಟನೇಟಿನ ಟೈಟೇನಿಯಂ ಅಯಾನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತನ್ನ ಅಷ್ಟಫಲಕದ ನಟ್ಟನಡುವಿನಿಂದ ತುಸು ಸರಿದು ನಿಲ್ಲುವುದರಿಂದ ಸ್ಫಟಿಕದ ಒಂದು ಕೊನೆ ಧನವೂ ಒಂದು ಕೊನೆ ಋಣವೂ ಆಗುತ್ತದೆ. ಇದೇ ಫೆರೋವಿದ್ಯುತ್ ಗುಣ, ಇಂದಿನ ಫೋನು ಗಣಕಯಂತ್ರಗಳಲ್ಲಿ ಅಸಂಖ್ಯಾತವಾಗಿ ಕೂಡಿಸಲ್ಪಡುವ ಪುಟ್ಟ ಕೆಪಾಸಿಟರುಗಳಿಗೆ ಆಧಾರವಾದ ಗುಣ. ಇದರ ಇಮ್ಮಡಿ ಬಂಧುವಾದ ಸೀಸ-ಸ್ಕ್ಯಾಂಡಿಯಂ-ಟ್ಯಾಂಟಲಂ ಆಕ್ಸೈಡನ್ನು ಬೇಕಾದ ಉಷ್ಣತೆಯಲ್ಲಿ ಬಹುಕಾಲ ಕಾಯಿಸಿಟ್ಟು ಕ್ರಮಗೊಳಿಸಿದರೆ, ಆ ಗುಣವು ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ತೀಕ್ಷ್ಣವಾಗಿ ತಲೆದೋರುತ್ತದೆ. ಅಕ್ರಮವಾಗಿ ಬಿಟ್ಟರೆ ಅದೇ ಗುಣವು ವಿಶಾಲವಾದ ಉಷ್ಣವ್ಯಾಪ್ತಿಯಲ್ಲಿ ಹರಡಿಹೋಗುತ್ತದೆ. 1980ರಲ್ಲಿ ಅಮೆರಿಕದಲ್ಲಿ ಸೆಟ್ಟರ್ ಮತ್ತು ಕ್ರಾಸ್ ಎಂಬವರು ತೋರಿಸಿದ ಈ ಸಂಗತಿಯು ವಿದ್ಯಾರ್ಥಿಗಳಿಗೆ ಇಂದಿಗೂ ಮಾದರಿಯಾದ ಪಾಠ. ವಿದ್ಯುತ್ ಕ್ಷೇತ್ರವನ್ನು ಹಚ್ಚಿ ತೆಗೆದಾಗ ಬಿಸಿಯಾಗಿ ತಣ್ಣಗಾಗುವ ಈ ಪದಾರ್ಥದಿಂದ, ಅನಿಲವಿಲ್ಲದ ಶೀತಕಯಂತ್ರಗಳನ್ನು ನಿರ್ಮಿಸುವ ಪ್ರಯತ್ನವೂ ಈಗ ಯೂರೋಪಿನಲ್ಲಿ ನಡೆದಿದೆ.

ಆಕ್ಸೈಡುಗಳಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುವುದು ಎಲೆಕ್ಟ್ರಾನುಗಳೇ ಆಗಬೇಕಿಲ್ಲ. ಆಮ್ಲಜನಕದ ಅಯಾನುಗಳೂ ಆಗಬಹುದು. ಜಾಲದಲ್ಲಿ ಅಲ್ಲಲ್ಲಿ ಆಮ್ಲಜನಕದ ಆಸನಗಳು ಖಾಲಿಯಾಗಿದ್ದರೆ, ಹೆಚ್ಚಿನ ಉಷ್ಣತೆಯಲ್ಲಿ ನೆರೆಯ ಆಮ್ಲಜನಕಗಳು ಆ ತೆರವಿಗೆ ಸರಿಯುತ್ತ ಸಾಗುತ್ತವೆ. ಇಂಧನವನ್ನು ಉರಿಸದೆಯೇ ಅದರಿಂದ ವಿದ್ಯುತ್ತನ್ನು ಪಡೆಯುವ ಇಂಧನಕೋಶಗಳಿಗೆ ಇಂತಹ ವಸ್ತುವು ಅತ್ಯಗತ್ಯ. 2006ರಲ್ಲಿ ಟೆಕ್ಸಾಸಿನ ವಿಶ್ವವಿದ್ಯಾನಿಲಯದಲ್ಲಿ ಜಾನ್ ಗುಡಿನಫ್ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ-ಮೆಗ್ನೀಷಿಯಂ-ಮಾಲಿಬ್ಡಿನಂ ಇಮ್ಮಡಿ ಆಕ್ಸೈಡನ್ನು ಇಂಧನದ ಕಡೆಯ ವಿದ್ಯುದ್ವಾರವಾಗಿ ಬಳಸಿ ತೋರಿಸಿದರು. ಕೆಲವು ಆಮ್ಲಜನಕಗಳು ಹೊರಟುಹೋದರೂ ಮೆಗ್ನೀಷಿಯಂ ಜಾಲವನ್ನು ಕುಸಿಯಗೊಡದೆ ಹಿಡಿದಿರುತ್ತದೆ. ಮಾಲಿಬ್ಡಿನವು ಆರರಿಂದ ಐದಕ್ಕೂ, ಮರಳಿ ಆರಕ್ಕೂ ತಿರುಗುತ್ತ ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ನೈಸರ್ಗಿಕ ಅನಿಲದಲ್ಲಿರುವ ಗಂಧಕದ ಸೋಂಕಿಗೂ ಅದು ಬೇಗನೆ ಕೆಡುವುದಿಲ್ಲ. ಇದೇ ಗುಡಿನಫ್ ಅವರಿಗೆ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ, 2019ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಕ್ಷೇತ್ರದಲ್ಲಿ ಸದ್ಯಕ್ಕೆ ಹೆಸರಾಗಿರುವ ಪೆರೋವ್‌ಸ್ಕೈಟುಗಳು ಆಕ್ಸೈಡುಗಳಲ್ಲ, ಅಯೊಡಿನ್ ಬ್ರೋಮಿನ್‌ಗಳಿಂದಾದವು. ದಕ್ಷವಾದರೂ ತೇವಕ್ಕೂ ಬಿಸಿಲಿಗೂ ಬೇಗ ಸೋಲುವಂಥವು. ಆಕ್ಸೈಡುಗಳು ಗಟ್ಟಿಮುಟ್ಟಾದವು, ಆದರೆ ಅವುಗಳ ಶಕ್ತಿಯ ಅಂತರವು ದೊಡ್ಡದಾದ್ದರಿಂದ ಬೆಳಕಿನ ಬಹುಭಾಗವು ವ್ಯರ್ಥವಾಗುತ್ತದೆ. ಬಿಸ್ಮತ್-ಕಬ್ಬಿಣ ಆಕ್ಸೈಡಿನ ಅಂತರ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್; ಅದಕ್ಕೆ ದಕ್ಕುವುದು ನೀಲಿಯ ಕಡೆಯ ಬೆಳಕು ಮಾತ್ರ. ಕಬ್ಬಿಣದ ಅರ್ಧಭಾಗವನ್ನು ಕ್ರೋಮಿಯಮ್ಮಿನಿಂದ ಬದಲಿಸಿ, ತೆಳುಪದರವನ್ನು ಬೆಳೆಸುವಾಗ ಎರಡೂ ಲೋಹಗಳು ಎಷ್ಟರಮಟ್ಟಿಗೆ ಕ್ರಮಗೊಳ್ಳಬೇಕೆಂಬುದನ್ನು ನಿಯಂತ್ರಿಸಿದರೆ, ಆ ಅಂತರವನ್ನು ಬೇಕಾದಂತೆ ಕುಗ್ಗಿಸಬಹುದೆಂದು 2015ರಲ್ಲಿ ಕೆನಡದ ವಿಜ್ಞಾನಿಗಳು ತೋರಿಸಿ, ಬೇರೆಬೇರೆ ಅಂತರಗಳುಳ್ಳ ಪದರಗಳನ್ನು ಒಂದರ ಮೇಲೊಂದು ಬೆಳೆಸಿ, 8.1 ಶತಾಂಶ ದಕ್ಷತೆಯನ್ನು ಪಡೆದರು. ಸಿಲಿಕಾನಿನ ಮುಂದೆ ಅದು ಅಲ್ಪವೇ. ಧಾತುವನ್ನು ಬದಲಿಸದೆ, ಕ್ರಮದ ಪ್ರಮಾಣವೊಂದನ್ನೇ ಹೆಚ್ಚುಕಡಮೆ ಮಾಡಿ ಅರೆವಾಹಕದ ಅತ್ಯಂತ ಮುಖ್ಯವಾದ ಗುಣವನ್ನು ತಿದ್ದಿದುದೇ ಅದರ ಹಿರಿಮೆ.

ಇಷ್ಟೆಲ್ಲ ಸೂಕ್ಷ್ಮತೆಯುಳ್ಳ ವಸ್ತುವಿನ ತಯಾರಿಕೆಯು ಹೊರನೋಟಕ್ಕೆ ಸರಳ. ಸ್ಟ್ರಾನ್ಷಿಯಂ ಕಾರ್ಬೊನೇಟು, ಕಬ್ಬಿಣ ಮತ್ತು ಮಾಲಿಬ್ಡಿನಗಳ ಆಕ್ಸೈಡುಗಳನ್ನು ತೂಗಿ, ಅಗೇಟ್ ಶಿಲೆಯ ಖಲ್ವದಲ್ಲಿ ನುಣ್ಣಗೆ ಅರೆದು, ಸುಮಾರು 900 ಡಿಗ್ರಿಯಲ್ಲಿ ಒಮ್ಮೆ ಸುಟ್ಟು, ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ, ಅಲ್ಪ ಪ್ರಮಾಣದ ಜಲಜನಕ ಬೆರೆತ ಆರ್ಗಾನ್ ಅನಿಲದಲ್ಲಿ ಸುಮಾರು 1200 ಡಿಗ್ರಿಯ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುವುದು ರೂಢಿ. ಜಲಜನಕವಿಲ್ಲದಿದ್ದರೆ ಮಾಲಿಬ್ಡಿನವು ಆರರ ಸ್ಥಿತಿಯಲ್ಲಿಯೇ ಉಳಿದು, ವಿದ್ಯುತ್ತನ್ನು ಹರಿಯಗೊಡದ ಸ್ಟ್ರಾನ್ಷಿಯಂ ಮಾಲಿಬ್ಡೇಟಾಗುತ್ತದೆ. ಜಲಜನಕವು ಅತಿಯಾದರೆ ಕಬ್ಬಿಣವು ಲೋಹವಾಗಿ ಬೇರ್ಪಡುತ್ತದೆ. ಹೊರಬಂದ ಬಿಲ್ಲೆಯಲ್ಲಿ ಕ್ರಮವೆಷ್ಟು ನೆಲೆಸಿದೆಯೆಂಬುದನ್ನು ಕ್ಷ-ಕಿರಣಗಳು ಹೇಳುತ್ತವೆ: ಇಮ್ಮಡಿಸಿದ ಅಂತರದಿಂದ ಹುಟ್ಟುವ ಒಂದು ಹೆಚ್ಚಿನ ರೇಖೆಯು, ತಾಮ್ರದ ಕ್ಷ-ಕಿರಣವನ್ನು ಬಳಸಿದಾಗ, 19.5 ಡಿಗ್ರಿ ಕೋನದ ಸನಿಹದಲ್ಲಿ ತೋರುತ್ತದೆ. ಕ್ರಮವು ಕೆಟ್ಟಷ್ಟೂ ಅದು ಮಾಸುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಪರಿಣಾಮವನ್ನು ಕಂಡುಹಿಡಿದು, 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಅವರ ವಿದ್ಯೆಯೂ ಇಲ್ಲಿ ವಿಶೇಷವಾಗಿ ಸಾಕ್ಷಿ ನುಡಿಯುತ್ತದೆ. ಓಲಾಟವಿಲ್ಲದ ಸರಳ ಘನಾಕಾರದ ಪೆರೋವ್‌ಸ್ಕೈಟಿನಲ್ಲಿ, ಪ್ರತಿಯೊಂದು ಪರಮಾಣುವೂ ಸಮ್ಮಿತಿಯ ಕೇಂದ್ರದಲ್ಲಿರುವ ಕಾರಣ, ರಾಮನ್ ಪರಿಣಾಮಕ್ಕೆ ಒಳಪಡುವ ಪ್ರಥಮ ದರ್ಜೆಯ ಕಂಪನವೊಂದೂ ಇಲ್ಲ; ಎರಡು ಲೋಹಗಳು ಕ್ರಮವಾಗಿ ಕುಳಿತು ಆಮ್ಲಜನಕದ ಎರಡು ಮಗ್ಗುಲುಗಳು ಬೇರೆಬೇರೆಯಾದೊಡನೆ ಅಂತಹ ನಾಲ್ಕು ಕಂಪನಗಳು ಪ್ರಕಟವಾಗುತ್ತವೆ.

ರೋಧವನ್ನು ಅಳೆಯುವಲ್ಲಿಯೂ ವಿವೇಕ ಬೇಕು. ಬಿಲ್ಲೆಯೆಂಬುದು ಅಸಂಖ್ಯ ಸೂಕ್ಷ್ಮಕಣಗಳ ಒಟ್ಟು. ಮೀಟರು ತೋರಿಸುವ ಅಂಕಿಯಲ್ಲಿ ಕಣದ ಒಳಗಿನ ರೋಧವೆಷ್ಟು, ಕಣಗಳ ಗಡಿಯ ರೋಧವೆಷ್ಟು ಎಂಬುದು ಬೆರೆತುಹೋಗಿರುತ್ತದೆ. ಪರ್ಯಾಯ ವಿದ್ಯುತ್ತಿನ ಆವೃತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಅಳೆದರೆ, ಗಡಿಗಳು ನಿಧಾನವಾಗಿಯೂ ಕಣದ ಒಳಗು ತ್ವರಿತವಾಗಿಯೂ ಸ್ಪಂದಿಸುವುದರಿಂದ, ಎರಡನ್ನೂ ಬೇರ್ಪಡಿಸಿ ಕಾಣಬಹುದು. ಒಂದೇ ವಸ್ತುವಿನ ವಿಷಯದಲ್ಲಿ ಒಬ್ಬರು ಲೋಹವೆಂದೂ ಮತ್ತೊಬ್ಬರು ಅರೆವಾಹಕವೆಂದೂ ವರದಿ ಮಾಡಿದ ಸಂದರ್ಭಗಳಲ್ಲಿ ಎಷ್ಟೋ ವೇಳೆ ಭೇದವು ಗಡಿಗಳದ್ದೇ ಹೊರತು ವಸ್ತುವಿನದಲ್ಲ.

ದೊಡ್ಡ ಸ್ಥಾನಕ್ಕೆ ಹತ್ತಾರು, ಚಿಕ್ಕ ಸ್ಥಾನಗಳೆರಡಕ್ಕೂ ಹತ್ತಾರು ಲೋಹಗಳು ಯೋಗ್ಯವಾಗಿರುವಾಗ, ಸಾಧ್ಯವಾದ ಜೋಡಣೆಗಳು ಸಾವಿರಗಳನ್ನು ಮುಟ್ಟುತ್ತವೆ. ಅವುಗಳನ್ನೆಲ್ಲ ಕುಲುಮೆಯಲ್ಲಿ ಪರೀಕ್ಷಿಸಲು ಆಯುಸ್ಸು ಸಾಲದೆಂದು ಇಂದು ಗಣಕಯಂತ್ರಗಳಿಂದ ಮುಂಗಾಣ್ಕೆಯನ್ನು ಪಡೆಯುವರು. ಆ ಲೆಕ್ಕವು ಸಾಮಾನ್ಯವಾಗಿ ಪರಿಪೂರ್ಣವಾದ ಕ್ರಮವನ್ನು ಊಹಿಸಿ ನಡೆಯುತ್ತದೆ. ಕುಲುಮೆಯು ಆ ಪರಿಪೂರ್ಣತೆಯನ್ನು ಕೊಡುವುದು ಅಪೂರ್ವ. ಅರ್ಧಲೋಹವೆಂದು ಕಾಗದದ ಮೇಲೆ ಸಿದ್ಧವಾದ ಎಷ್ಟೋ ಆಕ್ಸೈಡುಗಳು ಪ್ರಯೋಗಶಾಲೆಯಲ್ಲಿ ಸಾಮಾನ್ಯ ಅರೆವಾಹಕಗಳಾಗಿ ಉಳಿದಿರುವುದಕ್ಕೂ, ಸ್ಟ್ರಾನ್ಷಿಯಂ-ಕಬ್ಬಿಣ-ಮಾಲಿಬ್ಡಿನಂ ಆಕ್ಸೈಡು ಇಷ್ಟು ವರ್ಷಗಳ ಅಧ್ಯಯನದ ಮೇಲೂ ಅಂಗಡಿಯ ಸರಕಾಗದಿರುವುದಕ್ಕೂ ಇದೊಂದು ಪ್ರಬಲವಾದ ಕಾರಣ. ಸಿಲಿಕಾನಿನ ಚರಿತ್ರೆಯಲ್ಲಿ ಮೊದಲು ಗೆಲ್ಲಬೇಕಾದುದು ಶುದ್ಧಿಯಾಗಿತ್ತು. ಕೋಟಿಯಲ್ಲಿ ಒಂದು ಪಾಲಿನ ಕಲ್ಮಷವನ್ನೂ ನೀಗಿದ ಮೇಲೆಯೇ ಅದು ಯುಗಪ್ರವರ್ತಕ ವಸ್ತುವಾಯಿತು. ಇಮ್ಮಡಿ ಪೆರೋವ್‌ಸ್ಕೈಟುಗಳಿಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಇದಿರಾಗಿದೆ: ಇಲ್ಲಿ ಶುದ್ಧಿಯಷ್ಟೇ ಸಾಲದು, ಪ್ರತಿಯೊಂದು ಅಯಾನೂ ತನಗೆ ವಿಧಿಸಿದ ಸ್ಥಾನದಲ್ಲಿಯೇ ನಿಲ್ಲಬೇಕು, ಇಲ್ಲವೆ ಎಷ್ಟು ಅಯಾನುಗಳು ಎಲ್ಲಿ ತಪ್ಪಿ ನಿಲ್ಲಬೇಕೆಂಬುದನ್ನು ನಾವೇ ನಿಶ್ಚಯಿಸಬಲ್ಲವರಾಗಬೇಕು. ಆ ಹತೋಟಿಯು ಕೈಗೆ ಬಂದ ದಿನ ಒಂದೇ ಸೂತ್ರದ ವಸ್ತುವಿನಿಂದ, ಕಾಯಿಸಿ ತಣಿಸುವ ಬಗೆಯೊಂದನ್ನೇ ಬದಲಿಸಿ, ಲೋಹವನ್ನೂ ಅರೆವಾಹಕವನ್ನೂ ಅವಾಹಕವನ್ನೂ ಬೇಕಾದಾಗ ಬೇಕಾದಂತೆ ಪಡೆಯುವುದು ಅಸಾಧ್ಯವಾಗಲಾರದು. ಅಲ್ಲಿಯವರೆಗೆ ಈ ಶಾಸ್ತ್ರದ ಪ್ರಗತಿಯನ್ನು ಹೊಸ ಸೂತ್ರಗಳ ಸಂಖ್ಯೆಯಿಂದ ಅಳೆಯುವುದಕ್ಕಿಂತ, ಹಳೆಯ ಸೂತ್ರಗಳಲ್ಲಿ ನಾವು ಸಾಧಿಸಿದ ಕ್ರಮದಿಂದ ಅಳೆಯುವುದೇ ನ್ಯಾಯ.